ಲಿಂಬೆ ಚಿಗುರು ಹಳದಿಯಾಗಿದೆ, ಬೂದಿ ಹಾಕಲೋ ಬೇಡವೋ?

ಹಿತ್ತಲ ಹುಡುಗಿ, ವಿಜಯಪುರ
ನಮಸ್ಕಾರ ರೀ ಎಲ್ಲರಿಗೂ. ಸೋಲಾಪುರ ರಸ್ತೆ ಕಡೆ ಹೊಸ ಲೇಔಟಿನಲ್ಲಿ ನಮ್ಮ ಮನೆ. ಕಾಂಪೌಂಡ್ ಗೋಡೆ ಪಕ್ಕ ಒಂದು ಕಾಗಜಿ ಲಿಂಬೆ ಗಿಡ ಇದೆ, ಇನ್ನೂ ಮೊಣಕಾಲೆತ್ತರ. ಎರೆ ಮಣ್ಣು (ಕಪ್ಪು ಮಣ್ಣು), ಬೋರ್ ನೀರು. ಹೊಸ ಚಿಗುರೆಲ್ಲ ಹಳದಿಯಾಗಿ ಬರುತ್ತಿದೆ, ನರ ಮಾತ್ರ ಹಸಿರು. ಕೆಳಗಿನ ಹಳೇ ಎಲೆಗಳು ಚೆನ್ನಾಗಿಯೇ ಇವೆ. ನರ್ಸರಿಯವರು ಯೂರಿಯಾ ಕೊಟ್ಟರು. ಹಾಕಿದ ಮೇಲೆ ಚಿಗುರು ಜಾಸ್ತಿ ಬಂತು, ಆದರೆ ಇನ್ನೂ ಬಿಳಿಚಿಕೊಂಡು ಬಂತು. ಪಕ್ಕದ ಮನೆ ಕಾಕು ಒಲೆ ಬೂದಿ, ಮೊಟ್ಟೆ ಸಿಪ್ಪೆ ಹಾಕು ಅನ್ನುತ್ತಾರೆ. ಏನು ಮಾಡಲಿ?

ಟಿಳಕವಾಡಿ ಅಕ್ಕ, ಬೆಳಗಾವಿ
ನಿಮ್ಮ ಕಾಕು ಹೇಳಿದ್ದು ಸರಿ ಇದೆ ತಂಗಿ. ನಾನು ಎಷ್ಟೋ ವರ್ಷದಿಂದ ಗುಲಾಬಿಗೆ, ಲಿಂಬೆಗೆ, ಬದನೆಗೆ ಬೂದಿ ಹಾಕುತ್ತಿದ್ದೇನೆ. ಮೊಟ್ಟೆ ಸಿಪ್ಪೆ ಒಣಗಿಸಿ ಮಿಕ್ಸಿಗೆ ಹಾಕಿ ಪುಡಿ ಮಾಡಿಕೊಳ್ಳುತ್ತೇನೆ. ಗಿಡಗಳು ನೋಡುವ ಹಾಗಿವೆ. ಪುಕ್ಕಟೆ ಗೊಬ್ಬರ ಬಿಟ್ಟು ಸುಮ್ನೆ ಅಂಗಡಿಗೆ ಯಾಕೆ ದುಡ್ಡು ಸುರಿಯಬೇಕು?

ನವನಗರ ಕಾಕಾ, ಬಾಗಲಕೋಟೆ
ಬೂದಿ ಬೇಡ. ಸಿಪ್ಪೆಯೂ ಬೇಡ. ಯೂರಿಯಾ ಅಂತೂ ನಿಲ್ಲಿಸಿಬಿಡಿ.

ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಹಳದಿ ಎಲೆ ಅಂದ ತಕ್ಷಣ ಗೊಬ್ಬರದ ಚೀಲಕ್ಕೆ ಕೈ ಹಾಕುವುದನ್ನು ಬಹಳ ನೋಡಿದ್ದೇನೆ. ಮೊದಲು ಯಾವ ಎಲೆ ಹಳದಿ ಅಂತ ನೋಡಬೇಕು. ಯೂರಿಯಾ ಕೊಡುವುದು ಸಾರಜನಕ. ಅದು ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿ ಆಗುತ್ತದೆ, ಅದೂ ಇಡೀ ಎಲೆ. ಮೆಗ್ನೀಸಿಯಂ ಕಡಿಮೆಯಾದರೂ ಹಳೇ ಎಲೆಯೇ ಮೊದಲು. ಕಬ್ಬಿಣ ಹಾಗಲ್ಲ. ಒಮ್ಮೆ ಒಂದು ಎಲೆ ಸೇರಿದರೆ ಅಲ್ಲಿಂದ ಕದಲುವುದಿಲ್ಲ. ಬೇರಿನಿಂದ ಹೊಸದಾಗಿ ಬರದಿದ್ದರೆ ಚಿಗುರಿಗೆ ಸಿಗುವುದಿಲ್ಲ. ಚಿಗುರು ಹಳದಿ, ನರ ಹಸಿರು, ಹಳೇ ಎಲೆ ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಿ. ಇದು ಕಬ್ಬಿಣದ್ದೇ ಕೊರತೆ. ಯೂರಿಯಾ ಹಾಕಿದಾಗ ಚಿಗುರು ಜಾಸ್ತಿ ಬಂತು, ಇದ್ದ ಚೂರು ಕಬ್ಬಿಣ ಅಷ್ಟಕ್ಕೂ ಹಂಚಿ ಹೋಯಿತು. ಬಿಳಿಚಿಕೊಳ್ಳದೆ ಇನ್ನೇನಾಗುತ್ತದೆ?

ಮಜ್ಜಿಗೆ ಮಾಸ್ತರ, ಜಮಖಂಡಿ
ಕಬ್ಬಿಣ ಕಡಿಮೆ ಅಂದರೆ ತುಕ್ಕು ಹಿಡಿದ ಮೊಳೆ ಹುಗಿದರೆ ಆಯಿತಲ್ಲ ಕಾಕಾ? ನಮ್ಮ ಅಜ್ಜ ಹಾಗೇ ಮಾಡುತ್ತಿದ್ದ.

ನವನಗರ ಕಾಕಾ, ಬಾಗಲಕೋಟೆ
ಮಾಸ್ತರ, ಆ ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರ ಇಲ್ಲ. ಬೇಕಾದಷ್ಟಿದೆ. ಅದು ಕರಗಿ ಬೇರಿಗೆ ಸಿಗುವುದಿಲ್ಲ, ಅಷ್ಟೇ. ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತದೆ, ಪಿಎಚ್ (ಹುಳಿ-ಕ್ಷಾರದ ಅಳತೆ, 7ರ ಮೇಲೆ ಕ್ಷಾರ) ಸಾಮಾನ್ಯವಾಗಿ 8ರ ಮೇಲೆ. ಅಂಥ ಮಣ್ಣಿನಲ್ಲಿ ಕಬ್ಬಿಣ ತುಕ್ಕಾಗಿಯೇ ಕುಳಿತಿರುತ್ತದೆ. ನೀವು ಮತ್ತೆ ತುಕ್ಕನ್ನೇ ಹಾಕಿದರೆ ಏನು ಬಂತು? ಬೂದಿಯದೂ ಇದೇ ಕಥೆ. ಅದರಲ್ಲಿ ಪೊಟ್ಯಾಷ್ ಇದೆ, ಒಪ್ಪುತ್ತೇನೆ. ಜೊತೆಗೆ ಸುಣ್ಣವೂ ಇದೆ. ಮೊಟ್ಟೆ ಸಿಪ್ಪೆ ಅಂದರೆ ಹೆಚ್ಚುಕಡಿಮೆ ಪೂರ್ತಿ ಸುಣ್ಣವೇ.

ಟಿಳಕವಾಡಿ ಅಕ್ಕ, ಬೆಳಗಾವಿ
ಹಾಗಾದರೆ ನನ್ನ ಗಿಡ ಯಾಕೆ ಚೆನ್ನಾಗಿದೆ? ಪುಸ್ತಕ ಓದಿ ಗಿಡ ಬೆಳೆಯುವುದಿಲ್ಲ ಕಾಕಾ.

ನವನಗರ ಕಾಕಾ, ಬಾಗಲಕೋಟೆ
ನಿಮ್ಮ ಮಣ್ಣು ಯಾವ ಬಣ್ಣ ಅಕ್ಕಾರೇ?

ಟಿಳಕವಾಡಿ ಅಕ್ಕ, ಬೆಳಗಾವಿ
ಕೆಂಪು. ಖಾನಾಪುರ ಕಡೆಯಿಂದ ತರಿಸಿದ್ದು.

ನವನಗರ ಕಾಕಾ, ಬಾಗಲಕೋಟೆ
ಅಲ್ಲೇ ಇರುವುದು ವ್ಯತ್ಯಾಸ. ಖಾನಾಪುರ ಕಡೆ ಮಳೆ ಜೋರು. ಸುಣ್ಣ, ಪೊಟ್ಯಾಷ್ ಎಲ್ಲ ತೊಳೆದು ಹೋಗಿ ಮಣ್ಣು ಹುಳಿ ಆಗಿರುತ್ತದೆ. ಅಲ್ಲಿ ಬೂದಿ ಔಷಧವೇ. ಅದೇ ಬೂದಿಯನ್ನು ನಿಮ್ಮದೇ ಜಿಲ್ಲೆಯ ಅಥಣಿಯಲ್ಲೋ ಸವದತ್ತಿಯಲ್ಲೋ ಎರೆ ಹೊಲದ ಪಕ್ಕದ ಹಿತ್ತಲಿಗೆ ಹಾಕಿ ನೋಡಿ. ನಮ್ಮ ಜಿಲ್ಲೆಯಲ್ಲೂ ಬಾದಾಮಿ ಕಡೆಯ ಕೆಂಪು ಉಸುಕು ಮಣ್ಣು ಬೇರೆ, ಮುಧೋಳದ ಕಪ್ಪು ಮಣ್ಣು ಬೇರೆ. ವಾಟ್ಸಾಪಿನಲ್ಲಿ ಬರುವ ಸಲಹೆಗಳಲ್ಲಿ ಮಣ್ಣಿನ ಹೆಸರೇ ಇರುವುದಿಲ್ಲ, ನನ್ನ ತಕರಾರು ಅದು.

ಇಂಡಿ ತೋಟದವ
ಒಂದು ಮಾತು ಕೇಳಲಾ? ನಮ್ಮ ಕಡೆ ಲಿಂಬೆ ಬಿಟ್ಟರೆ ಬೇರೆ ಮಾತಿಲ್ಲ. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಸರಕಾರಿ ಗುರುತು) ಕೂಡ ಸಿಕ್ಕಿದೆ. ವಿಜಯಪುರದ ಮಣ್ಣು ಲಿಂಬೆಗೆ ಆಗುವುದಿಲ್ಲ ಅನ್ನುವ ಹಾಗೆ ಮಾತಾಡಬೇಡಿ ಕಾಕಾ.

ನವನಗರ ಕಾಕಾ, ಬಾಗಲಕೋಟೆ
ಆಗುವುದಿಲ್ಲ ಅಂತ ಎಲ್ಲಿ ಅಂದೆ ತಮ್ಮಾ? ನಿಮ್ಮ ತೋಟದಲ್ಲಿ ಚಿಗುರು ಬಂದಾಗ ಏನೂ ಹೊಡೆಯುವುದಿಲ್ಲವೇ?

ಇಂಡಿ ತೋಟದವ
ಹೊಡೆಯುತ್ತೇವೆ. ಜಿಂಕ್, ಕಬ್ಬಿಣ ಎಲ್ಲ ಇರುವ ಲಘು ಪೋಷಕಾಂಶದ ಪ್ಯಾಕೆಟ್. ಸರಿ ಬಿಡಿ, ನಿಮ್ಮ ಮಾತಿಗೆ ನಾನೇ ಸಾಕ್ಷಿ ಕೊಟ್ಟಂತಾಯಿತು. ಆದರೂ ತೋಟದಲ್ಲಿ ಈ ಹುಡುಗಿ ಹೇಳುವಷ್ಟು ಹಳದಿ ಆಗುವುದಿಲ್ಲ. ತಂಗಿ, ಗಿಡ ಗೋಡೆ ಪಕ್ಕ ಅಂದಿರಲ್ಲ, ಅಲ್ಲಿ ಮನೆ ಕಟ್ಟಿದ ಕಸ ಏನಾದರೂ ಹೂತಿದ್ದಾರಾ?

ಹಿತ್ತಲ ಹುಡುಗಿ, ವಿಜಯಪುರ
ಈಗ ಹೋಗಿ ಒಂದು ಕಡೆ ಕೆದಕಿದೆ. ಗಿಲಾವಿನ ಚೂರು, ಒಡೆದ ಟೈಲ್ಸ್, ಗಟ್ಟಿಯಾದ ಸಿಮೆಂಟ್ ಎಲ್ಲ ಇದೆ. ಮೇಲೆ ಒಂದು ಗೇಣು ಮಾತ್ರ ಒಳ್ಳೇ ಮಣ್ಣು.

ಇಂಡಿ ತೋಟದವ
ಹೊಸ ಲೇಔಟಿನಲ್ಲಿ ಇದೇ ಹಣೆಬರಹ. ಮೇಸ್ತ್ರಿ ಕಸ ಹೊರಗೆ ಸಾಗಿಸುವುದಿಲ್ಲ, ಕಾಂಪೌಂಡ್ ಪಕ್ಕ ಮುಚ್ಚಿ ಮೇಲೆ ಎರಡು ಬುಟ್ಟಿ ಮಣ್ಣು ಎಳೆಯುತ್ತಾನೆ. ಸಿಮೆಂಟೂ ಸುಣ್ಣದ ಬಳಗವೇ.

ನವನಗರ ಕಾಕಾ, ಬಾಗಲಕೋಟೆ
ಒಳ್ಳೇ ಪ್ರಶ್ನೆ ಕೇಳಿದೆ ತಮ್ಮಾ. ನನಗೆ ಅದು ಹೊಳೆದಿರಲಿಲ್ಲ. ತಂಗಿ, ಒಂದು ಹಿಡಿ ಒಣ ಮಣ್ಣು ತಗೊಂಡು ಅದರ ಮೇಲೆ ಲಿಂಬೆ ರಸ ಇಲ್ಲವೇ ವಿನೆಗರ್ ಹಾಕಿ ನೋಡಿ. ಬುರುಬುರು ನೊರೆ ಬಂದರೆ ಸುಣ್ಣ ಇದೆ ಅಂತ. ಲ್ಯಾಬಿನಲ್ಲಿ ನಾವು ಆಮ್ಲ ಹಾಕಿ ನೋಡುತ್ತಿದ್ದದ್ದೂ ಇದನ್ನೇ.

ಮಜ್ಜಿಗೆ ಮಾಸ್ತರ, ಜಮಖಂಡಿ
ಹುಳಿ ಹಾಕಿದರೆ ಸುಣ್ಣ ಕರಗುತ್ತದೆ ಅಂತ ನೀವೇ ಹೇಳಿದಿರಿ. ಹಾಗಾದರೆ ಹುಳಿ ಮಜ್ಜಿಗೆ ಹಾಕಿದರೆ ಆಗಬೇಕಲ್ಲ? ನಮ್ಮ ಮನೆ ಕರಿಬೇವಿಗೆ ವಾರಕ್ಕೊಮ್ಮೆ ಮಜ್ಜಿಗೆಯೇ. ಎಲೆ ಕರಿ ಹಸಿರು ಇದೆ. ಹೆಸರೇ ಮಜ್ಜಿಗೆ ಮಾಸ್ತರ ಅಂತ ಬಂದುಬಿಟ್ಟಿದೆ.

ನವನಗರ ಕಾಕಾ, ಬಾಗಲಕೋಟೆ
ಕರಿಬೇವು ಕುಂಡದಲ್ಲಿದೆಯೋ ನೆಲದಲ್ಲೋ?

ಮಜ್ಜಿಗೆ ಮಾಸ್ತರ, ಜಮಖಂಡಿ
ಕುಂಡದಲ್ಲಿ.

ನವನಗರ ಕಾಕಾ, ಬಾಗಲಕೋಟೆ
ಕುಂಡದಲ್ಲಿ ಮಣ್ಣು ಕಡಿಮೆ, ಮಜ್ಜಿಗೆಯಿಂದ ಸ್ವಲ್ಪ ಉಪಯೋಗ ಆದೀತು. ನೆಲದ ಲೆಕ್ಕ ಬೇರೆ. ಎರಡಡಿ ಉದ್ದ, ಅಗಲ, ಆಳದ ಗುಂಡಿಯ ಮಣ್ಣು ಸುಮಾರು 280 ಕಿಲೋ ತೂಗುತ್ತದೆ. ಅದರಲ್ಲಿ ನೂರಕ್ಕೆ 5ರಷ್ಟು ಸುಣ್ಣ ಇದೆ ಅನ್ನಿ, 14 ಕಿಲೋ ಆಯಿತು. ಗಂಧಕ ಹಾಕಿ ಅಷ್ಟನ್ನೂ ಕಳೆಯಬೇಕೆಂದರೆ ನಾಲ್ಕೂವರೆ ಕಿಲೋ ಬೇಕು. ಅದೂ ಮಣ್ಣಿನ ಸೂಕ್ಷ್ಮಜೀವಿಗಳು ನಿಧಾನಕ್ಕೆ ಗಂಧಕವನ್ನು ಆಮ್ಲ ಮಾಡಬೇಕು, ತಿಂಗಳುಗಟ್ಟಲೆ ಕೆಲಸ. ಅಷ್ಟರಲ್ಲಿ ಗಡಸು ಬೋರ್ ನೀರು ದಿನಾ ಒಂದಿಷ್ಟು ಸುಣ್ಣ ತಂದು ಸುರಿಯುತ್ತಿರುತ್ತದೆ. ನಿಮ್ಮ ಒಂದು ತಂಬಿಗೆ ಮಜ್ಜಿಗೆ ಅಲ್ಲಿ ಸಮುದ್ರಕ್ಕೆ ಉಪ್ಪು ಹಾಕಿದ ಹಾಗೆ.

ಮಜ್ಜಿಗೆ ನೀವೇ ಕುಡಿಯಿರಿ ಮಾಸ್ತರ, ಬಿಸಿಲು ಜೋರಿದೆ.

ಹಿತ್ತಲ ಹುಡುಗಿ, ವಿಜಯಪುರ
ರಸ ಹಾಕಿದೆ. ನೊರೆ ಬಂತು, ಸಪ್ಪಳವೂ ಕೇಳಿತು! ಈಗ ಏನು ಮಾಡಬೇಕು ಅಂತ ಬಿಡಿಸಿ ಹೇಳಿ.

ನವನಗರ ಕಾಕಾ, ಬಾಗಲಕೋಟೆ
ಮಣ್ಣನ್ನು ತಿದ್ದಲು ಹೋಗಬೇಡಿ, ಎಲೆಗೆ ನೇರವಾಗಿ ಕೊಡಿ. ಫೆರಸ್ ಸಲ್ಫೇಟ್ ಅಂತ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಹಳಬರು ಅನ್ನಭೇದಿ ಅನ್ನುತ್ತಿದ್ದರು. ತಿಳಿ ಹಸಿರು ಹರಳು. ಕಂದು ಬಣ್ಣಕ್ಕೆ ತಿರುಗಿದ್ದರೆ ತಗೋಬೇಡಿ, ಅದು ತುಕ್ಕಾಗಿದೆ. ಒಂದು ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ ಅರ್ಧ ಲಿಂಬೆಹಣ್ಣಿನ ರಸ. ಮೊದಲು ರಸ, ಆಮೇಲೆ ಹರಳು. ಬೋರ್ ನೀರಲ್ಲಿ ಕಲಸಿದರೆ ಬೇಗ ಕಂದು ತಿರುಗುತ್ತದೆ, ಅದಕ್ಕೆ ಮಳೆ ನೀರೋ ಕುಡಿಯುವ ಫಿಲ್ಟರ್ ನೀರೋ ಬಳಸಿ. ಸಂಜೆ ಬಿಸಿಲು ಇಳಿದ ಮೇಲೆ ಚಿಗುರಿನ ಮೇಲೆ, ಕೆಳಗೆ ಎರಡೂ ಕಡೆ ಹೊಡೆಯಿರಿ. ಮಧ್ಯಾಹ್ನ ಹೊಡೆದರೆ ಎಲೆ ಸುಡುತ್ತದೆ. ಗೋಡೆಗೆ ಹಾರಿದರೆ ಕಲೆ ಹೋಗುವುದಿಲ್ಲ, ಆಮೇಲೆ ಮನೆಯಲ್ಲಿ ಬೈಸಿಕೊಂಡು ನನ್ನ ಹೆಸರು ಹೇಳಬೇಡಿ. ಹತ್ತು ಹದಿನೈದು ದಿನಕ್ಕೆ ಮತ್ತೊಮ್ಮೆ. ಮುಂದೆ ಚಿಗುರು ಬಂದಾಗೆಲ್ಲ ಇದು ಇದ್ದೇ ಇರುತ್ತದೆ.

ಇಂಡಿ ತೋಟದವ
ಬುಡಕ್ಕೇ ಹಾಕಬೇಕೆಂದರೆ ಚೀಲೇಟೆಡ್ ಕಬ್ಬಿಣ ಸಿಗುತ್ತದೆ, ಅಂದರೆ ತುಕ್ಕಾಗದ ಹಾಗೆ ಬೇರೆ ಪದಾರ್ಥ ಹಿಡಿದಿಟ್ಟ ಕಬ್ಬಿಣ. ಆದರೆ ಪ್ಯಾಕೆಟ್ ಮೇಲೆ ಆ ಪದಾರ್ಥದ ಹೆಸರು ಇಡಿಡಿಎಚ್ಎ ಅಂತ ಇದೆಯಾ ನೋಡಿ. ಸಾಮಾನ್ಯವಾಗಿ ಕೊಡುವುದು ಇಡಿಟಿಎ. ಅದು ಎಲೆಗೆ ಹೊಡೆಯಲು ಸಾಕು, ಸುಣ್ಣದ ಮಣ್ಣಿಗೆ ಹಾಕಿದರೆ ನಿಲ್ಲುವುದಿಲ್ಲ. ಇಡಿಡಿಎಚ್ಎ ದುಬಾರಿ, ಒಂದೇ ಗಿಡಕ್ಕಾದರೆ ಪರವಾಗಿಲ್ಲ.

ಟಿಳಕವಾಡಿ ಅಕ್ಕ, ಬೆಳಗಾವಿ
ಇಷ್ಟೆಲ್ಲ ರಾಮಾಯಣ ಯಾಕೆ? ಕಿತ್ತು ದೊಡ್ಡ ಡ್ರಮ್ಮಿಗೆ ಹಾಕಿ. ಮಸಾರಿ (ಕೆಂಪು) ಮಣ್ಣು ತರಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ. ಈ ಸಲ ಬೂದಿ ಹೇಳುತ್ತಿಲ್ಲ, ನೋಡಿದಿರಾ?

ನವನಗರ ಕಾಕಾ, ಬಾಗಲಕೋಟೆ
ಅಕ್ಕಾರ ಮಾತು ಒಪ್ಪಿದೆ. ಗಿಡ ಇನ್ನೂ ಚಿಕ್ಕದು, ಕೆಳಗೆ ಸಿಮೆಂಟು. ಈಗಲೇ ತೆಗೆಯುವುದು ವಾಸಿ. ಆದರೆ ಈ ಬಿಸಿಲಲ್ಲಿ ಬೇಡ. ಮಳೆ ಹಿಡಿದ ಮೇಲೆ, ಬೇರಿನ ಸುತ್ತ ಮಣ್ಣಿನ ಹೆಂಟೆ ಒಡೆಯದ ಹಾಗೆ ಎತ್ತಿ. ಅಲ್ಲಿಯವರೆಗೆ ಸ್ಪ್ರೇ ಸಾಕು. ನೀರು ದಿನಾ ಹಾಕುತ್ತೀರಾ?

ಹಿತ್ತಲ ಹುಡುಗಿ, ವಿಜಯಪುರ
ಹೌದು, ದಿನಾ ಎರಡು ಹೊತ್ತು. ಆರ್‌ಒ ಮಷೀನಿನಿಂದ ಹೊರಗೆ ಬರುವ ನೀರು ಸುಮ್ನೆ ಚೆಲ್ಲುವುದು ಯಾಕೆ ಅಂತ ಅದನ್ನೂ ಹಾಕುತ್ತೇನೆ.

ನವನಗರ ಕಾಕಾ, ಬಾಗಲಕೋಟೆ
ಅದನ್ನು ನಿಲ್ಲಿಸಿ. ಮಷೀನು ನಿಮ್ಮ ನೀರಿನಿಂದ ತೆಗೆದ ಉಪ್ಪೆಲ್ಲ ಆ ಹೊರ ನೀರಿನಲ್ಲೇ ಇರುತ್ತದೆ. ನೆಲ ಒರೆಸಲು ಇಟ್ಟುಕೊಳ್ಳಿ. ಎಸಿ ಇದ್ದರೆ ಅದರ ನೀರು ಹಾಕಬಹುದು, ಅದರಲ್ಲಿ ಉಪ್ಪು ಇರುವುದಿಲ್ಲ. ಇನ್ನು ಎರೆ ಮಣ್ಣು ಮೇಲೆ ಬಿರುಕು ಬಿಟ್ಟಿದ್ದರೂ ಒಳಗೆ ಹಸಿ ಇರುತ್ತದೆ. ಗೇಣುದ್ದ ಕಡ್ಡಿ ಚುಚ್ಚಿ ತೆಗೆಯಿರಿ, ಮಣ್ಣು ಅಂಟಿಕೊಂಡು ಬಂದರೆ ಆ ದಿನ ನೀರು ಬೇಡ. ಸದಾ ಹಸಿ ಇದ್ದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಆಗ ಕಬ್ಬಿಣ ಎಳೆದುಕೊಳ್ಳುವುದು ಇನ್ನೂ ಕಷ್ಟ. ಕಾಂಡಕ್ಕೆ ನೀರು ತಾಗದ ಹಾಗೆ ದೂರದಲ್ಲಿ ದುಂಡಗೆ ಪಾತಿ ಮಾಡಿ. ಇಲ್ಲದಿದ್ದರೆ ಮುಂದೆ ಬುಡದಲ್ಲಿ ಅಂಟು ಸೋರಲು ಶುರುವಾಗುತ್ತದೆ.

ಹಿತ್ತಲ ಹುಡುಗಿ, ವಿಜಯಪುರ
ಆಯಿತು ಕಾಕಾ. ಕೊನೇ ಪ್ರಶ್ನೆ. ಎಲೆ ಮೇಲೆ ಅಲ್ಲಲ್ಲಿ ಹಕ್ಕಿ ಹಿಕ್ಕೆ ಬಿದ್ದಿದೆ. ತೊಳೆಯಬೇಕಾ?

ಇಂಡಿ ತೋಟದವ
ಕಡ್ಡಿಯಿಂದ ಮುಟ್ಟಿ ನೋಡಿ. ಕದಲಿದರೆ ಹಿಕ್ಕೆ ಅಲ್ಲ, ಲಿಂಬೆ ಚಿಟ್ಟೆಯ ಹುಳು. ಸಣ್ಣದಿರುವಾಗ ಹಾಗೇ ಕಾಣುತ್ತದೆ, ದೊಡ್ಡದಾದರೆ ಹಸಿರು ಬಣ್ಣ. ಔಷಧಿ ಏನೂ ಬೇಡ, ಬೆಳಿಗ್ಗೆ ಆರಿಸಿ ತೆಗೆದರೆ ಆಯಿತು.

ಟಿಳಕವಾಡಿ ಅಕ್ಕ, ಬೆಳಗಾವಿ
ಪಾಪ, ಚೆಂದದ ಚಿಟ್ಟೆ ಆಗುತ್ತವೆ. ನಾಲ್ಕು ಎಲೆ ತಿಂದರೆ ತಿನ್ನಲಿ ಬಿಡಿ.

ಇಂಡಿ ತೋಟದವ
ನಿಮ್ಮ ಮರಕ್ಕೆ ಸಾವಿರ ಎಲೆ ಇರಬಹುದು ಅಕ್ಕಾರೇ. ಮೊಣಕಾಲೆತ್ತರದ ಗಿಡಕ್ಕೆ ನಾಲ್ಕು ಹುಳು ಬಿದ್ದರೆ ಕಡ್ಡಿ ಮಾತ್ರ ಉಳಿಯುತ್ತದೆ. ಕೊಲ್ಲಲು ಮನಸ್ಸು ಬರದಿದ್ದರೆ ಹುಳುಗಳನ್ನು ಎತ್ತಿ ಪತ್ರಿ (ಬಿಲ್ವ) ಗಿಡಕ್ಕೆ ಬಿಡಿ, ಅದನ್ನೂ ತಿನ್ನುತ್ತವೆ.