ಮಕ್ಕಳ ಊಟ, ಓದು: ನಗರಪಾಲಿಕೆ ಏನು ಮಾಡಬಹುದು?

ಪೋಷಕಿ, ಮೈಸೂರು
ಮಾನ್ಯರೇ, ನಮ್ಮ ವಾರ್ಡಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ) ನಾನು ಸದಸ್ಯೆ. ಮಕ್ಕಳ ಪೌಷ್ಟಿಕತೆ ಮತ್ತು ಕಲಿಕೆಗೆ ನೆರವು ಕೋರಿ ಪಾಲಿಕೆ ಆಯುಕ್ತರಿಗೆ ಮನವಿ ಸಲ್ಲಿಸಬೇಕೆಂದಿದ್ದೇವೆ. ಆದರೆ ಶಾಲೆ ಶಿಕ್ಷಣ ಇಲಾಖೆಯದು, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಪಾಲಿಕೆಗೆ ಇದರಲ್ಲಿ ಏನು ಸಂಬಂಧ ಎಂದು ಸಮಿತಿಯಲ್ಲೇ ಕೆಲವರು ಕೇಳುತ್ತಿದ್ದಾರೆ. ನಗರಾಡಳಿತದ ಮುಖ್ಯಸ್ಥರೊಬ್ಬರು ಮುಂದೆ ನಿಂತು ಇಂಥ ಕೆಲಸ ಮಾಡಿಸಿದ ಉದಾಹರಣೆಯಿದ್ದರೆ ದಯವಿಟ್ಟು ತಿಳಿಸಿ.

ಇತಿಹಾಸದ ವಿದ್ಯಾರ್ಥಿ
ನೆರೆಯ ಮದರಾಸಿನಲ್ಲೇ ಇದೆ. 1920ರಲ್ಲಿ ಅಲ್ಲಿನ ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರು, ಥೌಸಂಡ್ ಲೈಟ್ಸ್ ಬಡಾವಣೆಯ ಕಾರ್ಪೊರೇಷನ್ ಶಾಲೆಯ ಮಕ್ಕಳು ಕಡುಬಡವರೆಂದೂ ಅದರಿಂದ ಶಾಲೆಯ ಮಕ್ಕಳ ಸಂಖ್ಯೆಗೇ ಪೆಟ್ಟು ಬೀಳುತ್ತಿದೆಯೆಂದೂ ವಾದಿಸಿ, ದಿನಕ್ಕೆ ತಲಾ ಒಂದಾಣೆ ಮೀರದಂತೆ ತಿಂಡಿ ಕೊಡುವ ಠರಾವಿಗೆ ಕೌನ್ಸಿಲ್ಲಿನ ಒಪ್ಪಿಗೆ ಪಡೆದರು. ಮುಂದೆ ಇನ್ನೂ ನಾಲ್ಕು ಶಾಲೆಗಳಿಗೆ ಅದು ವಿಸ್ತರಿಸಿತು. ಈ ಐದು ಶಾಲೆಗಳ ದಾಖಲಾತಿ 1922-23ರಲ್ಲಿ 811 ಇದ್ದದ್ದು 1924-25ರ ಹೊತ್ತಿಗೆ 1,671ಕ್ಕೇರಿತು. ಇಷ್ಟಾದರೂ 1925ರ ಏಪ್ರಿಲ್‌ನಲ್ಲಿ ತಿಂಡಿ ನಿಂತುಹೋಯಿತು, ಏಕೆಂದರೆ ಆ ಖರ್ಚನ್ನು ಪ್ರಾಥಮಿಕ ಶಿಕ್ಷಣ ನಿಧಿಯಲ್ಲಿ ತೋರಿಸಲು ಸರ್ಕಾರ ಒಪ್ಪಲಿಲ್ಲ. ತಿಂಡಿ ಆರಂಭವಾದ ಕಥೆಗಿಂತ ನಿಂತ ಕಥೆಯನ್ನೇ ನೀವು ಹೆಚ್ಚು ಗಮನಿಸಬೇಕೆಂದು ನನಗನ್ನಿಸುತ್ತದೆ. ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರಬೇಕೆಂಬುದು ನಿಮ್ಮ ಮನವಿಯಲ್ಲಿ ಸ್ಪಷ್ಟವಾಗಿರಲಿ.

ವಕೀಲ, ಹುಬ್ಬಳ್ಳಿ
ನಿಮ್ಮ ಸಮಿತಿಯವರ ಸಂಶಯಕ್ಕೆ ಆಧಾರವಿದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳ ಪಾಲಿಗೆ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಶಿಕ್ಷಣವನ್ನೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯನ್ನೂ ಹೆಸರಿಸಲಾಗಿದೆ. ನಗರಸಂಸ್ಥೆಗಳ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಾದರೋ ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಾತ್ಮಕ ಅಂಶಗಳ ಉತ್ತೇಜನ ಎಂಬ ಮಾತಷ್ಟೇ ಇದೆ. ಹಳ್ಳಿಯ ಮಗುವಿಗಿರುವ ಸ್ಥಳೀಯ ಆಸರೆ ನಗರದ ಮಗುವಿಗೆ ಕಾಗದದ ಮೇಲೂ ಇಲ್ಲದಿರುವುದು ನನ್ನ ಮಟ್ಟಿಗೆ ದೊಡ್ಡ ಕೊರತೆ. ಆದರೂ ದುರ್ಬಲ ವರ್ಗಗಳ ಹಿತರಕ್ಷಣೆ, ಸಾರ್ವಜನಿಕ ಆರೋಗ್ಯ ಮತ್ತು ನೀರು ಪೂರೈಕೆ ಅದೇ ಪಟ್ಟಿಯಲ್ಲಿವೆ. ಮನವಿಯನ್ನು ಇವುಗಳಡಿ ಬರೆಯಿರಿ, ಬಜೆಟ್ ಪೂರ್ವಭಾವಿ ಸಭೆಗೆ ಮೊದಲೇ ಸಲ್ಲಿಸಿರಿ.

ನಿವೃತ್ತ ಶಿಕ್ಷಕಿ
ವಕೀಲರು ನೀರಿನ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ನಾನಿದ್ದ ಶಾಲೆಯಲ್ಲಿ ಎಂಬತ್ತು ಮಕ್ಕಳಿಗೆ ಒಂದೇ ನಲ್ಲಿಯಿತ್ತು. ಬಿಸಿಯೂಟವಾದ ಮೇಲೆ ತಟ್ಟೆ ತೊಳೆಯುವ ಸಾಲು ಕರಗುವಷ್ಟರಲ್ಲಿ ಮುಂದಿನ ಪಾಠದ ಕಾಲು ಗಂಟೆ ಕಳೆದಿರುತ್ತಿತ್ತು. ತಾಯಿ ನಸುಕಿನಲ್ಲೇ ಮನೆಗೆಲಸಕ್ಕೆ ಹೋಗುತ್ತಿದ್ದ ಹುಡುಗಿಯೊಬ್ಬಳು, ಮೊಳೆಯಿಂದ ಹೆಸರು ಗೀಚಿದ್ದ ಸ್ಟೀಲ್ ತಟ್ಟೆಯನ್ನು ಬೆಳಗಿನ ಪ್ರಾರ್ಥನೆಗೂ ಎದೆಗವಚಿಕೊಂಡೇ ಬರುತ್ತಿದ್ದಳು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬರುವವರೆಗೆ ಅವಳಂಥವರಿಗೆ ಮಧ್ಯಾಹ್ನದ ಊಟವೇ ದಿನದ ಮೊದಲ ತುತ್ತು. ಆದ್ದರಿಂದ ಮನವಿಯಲ್ಲಿ ಮೊದಲು ನಾಲ್ಕೈದು ನಲ್ಲಿಗಳ ತೊಟ್ಟಿಯನ್ನು ಕೇಳಿ, ಅದು ಪಾಲಿಕೆಯ ಕೆಲಸವಲ್ಲವೆಂದು ಯಾರೂ ಹೇಳಲಾರರು. ಬೆಳಗಿನ ತಿಂಡಿಯನ್ನು ಒಂದೇ ಶಾಲೆಯಲ್ಲಿ, ಒಂದು ವರ್ಷದ ಮಟ್ಟಿಗೆ ಕೇಳಿ. ಹಾಜರಿ ಪುಸ್ತಕದ ಹಿಂದಿನ ವರ್ಷದ ಪ್ರತಿಯನ್ನು ಈಗಲೇ ತೆಗೆದಿಟ್ಟುಕೊಳ್ಳಿ.

ಪೋಷಕಿ, ಮೈಸೂರು
ಮೂವರಿಗೂ ವಂದನೆಗಳು. ಹಾಜರಿಯ ಪ್ರತಿಗಾಗಿ ಸೋಮವಾರವೇ ಮುಖ್ಯೋಪಾಧ್ಯಾಯರನ್ನು ಕಾಣುತ್ತೇನೆ.