ಇಳಿತದ ಹೊತ್ತಿಗೇ ಹೋಗಿದ್ದೆವು, ಆದರೂ ಗಾಡಿ ನೀರಿಗೆ ಸಿಕ್ಕಿತು. ಎಲ್ಲಿ ತಪ್ಪಾಯ್ತು?

ಮರಳುದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಡಲತೀರದಲ್ಲಿ ಗಾಡಿ ಓಡಿಸಲು ಅನುಮತಿ ಇರುವ ಕಡೆಗೇ ಹೋಗಿದ್ದೆವು. ಎರಡು ಗಾಡಿ, ಆರು ಜನ. ನನ್ನದು ಡೀಸೆಲ್ ಫೋರ್ ಬೈ ಫೋರ್, ಲೋ ರೇಂಜ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್) ಇದೆ. ಒಟ್ಟು 14 ಕಿಲೋಮೀಟರ್ ಮರಳು. 9ನೇ ಕಿಲೋಮೀಟರ್ ಹತ್ತಿರ ಒಂದು ಸಣ್ಣ ಹಳ್ಳ ಕಡಲಿಗೆ ಸೇರುತ್ತದೆ. ಒಳಗೆ ಹೋಗಲು, ಹೊರಗೆ ಬರಲು ಇರುವುದು ಒಂದೇ ದಾರಿ.

ಉಬ್ಬರವಿಳಿತದ ಪಟ್ಟಿ ನೋಡಿಯೇ ಹೋಗಿದ್ದೆವು. ಅವತ್ತು ಇಳಿತ 11:40ಕ್ಕೆ, 0.5 ಮೀಟರ್. ಉಬ್ಬರ ಸಂಜೆ 5:50ಕ್ಕೆ, 2.9 ಮೀಟರ್. ಸರಿಯಾಗಿ 11:40ಕ್ಕೆ ಮರಳಿಗೆ ಇಳಿದೆವು. ಹೋಗುವಾಗ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. 12:30ಕ್ಕೆ ಕೊನೆ ಮುಟ್ಟಿ, ಊಟ ಮಾಡಿ, 1:20ಕ್ಕೆ ಹೊರಟೆವು. ವಾಪಸ್ ಬರುವಾಗ, 1:35ರ ಹೊತ್ತಿಗೆ, ಹಳ್ಳದ ಕೆಳಭಾಗಕ್ಕೆ ಅಲೆ ನುಗ್ಗುತ್ತಿತ್ತು. ಹಾಗಾಗಿ ಮೇಲಿನಿಂದ ದಾಟೋಣ ಅಂತ ಹೋದೆ. ಮುಂದಿನ ಚಕ್ರ ದಂಡೆ ಹತ್ತಿತು, ಹಿಂದಿನದು ಹೂತುಹೋಯಿತು. ಎರಡು ಸಲ ಜೋರಾಗಿ ಆಕ್ಸಿಲರೇಟರ್ ಒತ್ತಿದೆ. ಗಾಡಿಯ ಹೊಟ್ಟೆ ಮರಳಿಗೆ ಕೂತಿತು.

ಆಗ ನೀರು ಮೂವತ್ತು ಹೆಜ್ಜೆ ದೂರದಲ್ಲಿತ್ತು. ಸಾಕಷ್ಟು ಟೈಮ್ ಇದೆ ಅಂದುಕೊಂಡೆ. 50 ನಿಮಿಷ ಅಗೆದೆವು. ಅಷ್ಟರಲ್ಲಿ ಅಲೆ ಹಿಂದಿನ ಚಕ್ರಕ್ಕೆ ಬಂದು, ಅಗೆದ ಗುಂಡಿಯನ್ನೆಲ್ಲ ತುಂಬಿಬಿಟ್ಟಿತು. ಇನ್ನೊಂದು ಗಾಡಿ ಎಳೆದು ಹೊರಗೆ ತಂದಿತು. ಟೈರಿನ ಗಾಳಿ 28 ಪಿಎಸ್‌ಐ ಇತ್ತು.

ಮತ್ತೆ ಹೋಗಬೇಕು, ಆದರೆ ಈ ಸಲ ಮಗಳೂ ಬರುತ್ತಾಳೆ. ತಪ್ಪು ಎಲ್ಲಿ ಅಂತ ನೇರವಾಗಿ ಹೇಳಿ.

ಹಳೇ ಗೇರ್

ಮೊದಲು, ಎಲ್ಲರೂ ಸುರಕ್ಷಿತವಾಗಿ ಬಂದಿರಲ್ಲ, ಅದು ದೊಡ್ಡದು.

ಗಾಳಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ದೊಡ್ಡ ತಪ್ಪು ಗಡಿಯಾರದ್ದು. ಇಳಿತದ ಹೊತ್ತನ್ನು ನೀವು ಹೊರಡುವ ಹೊತ್ತು ಅಂದುಕೊಂಡಿರಿ. ಅದು ತಿರುಗಿ ಬರಲು ಶುರು ಮಾಡುವ ಹೊತ್ತು. 11:40ಕ್ಕೆ ಮರಳಿಗೆ ಇಳಿದಿರಿ ಅಂದರೆ ಇಡೀ ಪ್ರಯಾಣ ಏರುವ ನೀರಿನಲ್ಲೇ ಆಯ್ತು. ಅದೇ 9:40ಕ್ಕೆ ಇಳಿದಿದ್ದರೆ? ಹೋಗುವಾಗ ಸಿಕ್ಕಿಕೊಂಡರೂ ನೀರು ನಿಮ್ಮಿಂದ ದೂರ ಹೋಗುತ್ತಾ ಇರುತ್ತದೆ. ಅಗೆಯಲು ಗಂಟೆಗಟ್ಟಲೆ ಸಮಯ ಸಿಗುತ್ತದೆ.

ಈಗ ಆ ಮೂವತ್ತು ಹೆಜ್ಜೆಯ ಲೆಕ್ಕ ನೋಡೋಣ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಇರುವ ಕಡೆ ಒಂದು ಇಳಿತದಿಂದ ಉಬ್ಬರಕ್ಕೆ ಸುಮಾರು 6 ಗಂಟೆ 12 ನಿಮಿಷ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು ಏರುತ್ತದೆ, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು. ಆಮೇಲೆ ಎರಡು, ಕೊನೆಗೆ ಒಂದು. ನಿಮ್ಮ ಏರಿಕೆ 2.4 ಮೀಟರ್, ಅಂದರೆ ಒಂದು ಪಾಲು 20 ಸೆಂಟಿಮೀಟರ್. ನೀವು 1:35ಕ್ಕೆ ಹಳ್ಳದಲ್ಲಿ ಸಿಕ್ಕಿಕೊಂಡಿರಿ. ಸರಿಯಾಗಿ ಮೂರನೇ ಗಂಟೆಯ ಬಾಗಿಲಲ್ಲಿ. ಆ ಒಂದೇ ಗಂಟೆಯಲ್ಲಿ ನೀರು 60 ಸೆಂಟಿಮೀಟರ್ ಏರುತ್ತದೆ.

60 ಸೆಂಟಿಮೀಟರ್ ಕೇಳಲು ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ಗಾಡಿ ಓಡುವಂಥ ತೀರ ಸಾಮಾನ್ಯವಾಗಿ ತುಂಬಾ ಚಪ್ಪಟೆ. 50 ಮೀಟರ್ ನಡೆದರೆ 1 ಮೀಟರ್ ಏರುವಷ್ಟು ಇಳಿಜಾರು ಅಂತಿಟ್ಟುಕೊಳ್ಳಿ. ಆಗ 60 ಸೆಂಟಿಮೀಟರ್ ಏರಿಕೆ ಅಂದರೆ 30 ಮೀಟರ್ ಮರಳು ಮಾಯ. ನಿಮಿಷಕ್ಕೆ ಅರ್ಧ ಮೀಟರ್. ನೀವು 50 ನಿಮಿಷ ಅಗೆದಿರಿ, ನೀರು 25 ಮೀಟರ್ ನಡೆದು ಬಂತು. ನಿಮ್ಮ ಮೂವತ್ತು ಹೆಜ್ಜೆ ಅಲ್ಲಿಗೆ ಮುಗಿಯಿತು. ಇದರಲ್ಲಿ ಅಲೆ ಮೇಲೆ ಹತ್ತುವ ದೂರ ಸೇರಿಸಿಯೇ ಇಲ್ಲ.

ಇನ್ನೊಂದು ಮಾತು. ಪಟ್ಟಿಯಲ್ಲಿರುವುದು ಸಾಧಾರಣ ಹವೆಯ ಲೆಕ್ಕ. ವಾಯುಭಾರ 10 ಹೆಕ್ಟೋಪ್ಯಾಸ್ಕಲ್ ಕುಸಿದರೆ ನೀರಿನ ಮಟ್ಟ ಸುಮಾರು 10 ಸೆಂಟಿಮೀಟರ್ ಏರುತ್ತದೆ. ಕಡಲ ಕಡೆಯಿಂದ ಜೋರು ಗಾಳಿ ಬೀಸಿದರೆ ಇನ್ನೂ ಜಾಸ್ತಿ. ಪಟ್ಟಿ ಯಾವ ಬಂದರಿನದು ಅಂತಲೂ ನೋಡಿ. ದೂರದ ಬಂದರಿನದಾದರೆ ನಿಮ್ಮ ತೀರದಲ್ಲಿ ಹೊತ್ತೂ ಬೇರೆ, ಎತ್ತರವೂ ಬೇರೆ. ಅಲ್ಲಿಗೆ ಹೋದ ಮೇಲೆ ಹತ್ತು ನಿಮಿಷ ಸುಮ್ನೆ ನಿಂತು ಅಲೆ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಮೊದಲ ಎರಡು ನಿಮಿಷ ನೋಡಿ ನಿರ್ಧಾರ ಮಾಡಬೇಡಿ.

ಮರಳುದಾರಿ

ನಿಮಿಷಕ್ಕೆ ಅರ್ಧ ಮೀಟರ್! ಓದಿ ಎದೆ ಝಲ್ಲೆಂದಿತು. ಅವತ್ತು ಹುಣ್ಣಿಮೆಯ ಮಾರನೇ ದಿನ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಮತ್ತೆ ಮರಳು ಗಟ್ಟಿಯೋ ಮೆತ್ತಗೋ ಅಂತ ಮೊದಲೇ ತಿಳಿಯುವುದು ಹೇಗೆ? ನೋಡಲು ಎಲ್ಲಾ ಕಡೆ ಒಂದೇ ಥರ ಇತ್ತು.

ಹಳೇ ಗೇರ್

ಇದೆ, ಚೆನ್ನಾಗಿಯೇ ಇದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನದಲ್ಲಿ ಏರಿಳಿತ ಅತಿ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಹಾಗಂತ ಅಷ್ಟಮಿಯೇ ಒಳ್ಳೆಯದು ಅಂತ ಕಣ್ಣು ಮುಚ್ಚಿ ಹೇಳಲಾರೆ. ಆ ದಿನಗಳಲ್ಲಿ ನೀರು ನಿಧಾನ ಏರುತ್ತದೆ ನಿಜ, ಆದರೆ ಇಳಿತದಲ್ಲೂ ತುಂಬಾ ದೂರ ಹೋಗುವುದಿಲ್ಲ. ಗಟ್ಟಿ ಮರಳಿನ ಪಟ್ಟಿ ಕಿರಿದಾಗುತ್ತದೆ. ಬಂಡೆ ಚಾಚಿಕೊಂಡ ಕಡೆ ದಾರಿಯೇ ಸಿಗದೆ ಇರಬಹುದು. ಅಗಲವಾದ ತೀರವಾದರೆ ಅಷ್ಟಮಿಯ ಹತ್ತಿರದ ದಿನ ಆರಿಸಿಕೊಳ್ಳಿ.

ಮರಳಿನ ಪರೀಕ್ಷೆಗೆ ಗಾಡಿಯಿಂದ ಇಳಿದು ಬರಿಗಾಲಲ್ಲಿ ನಡೆಯಿರಿ. ಒದ್ದೆ ಮರಳಿನ ಮೇಲೆ ಪಾದ ಊರಿದಾಗ ಸುತ್ತ ಮರಳು ತಟ್ಟನೆ ಒಣಗಿ ಬಿಳಿಚಿಕೊಂಡರೆ ಅದು ಗಟ್ಟಿ ಮರಳು. ಒತ್ತೊತ್ತಾಗಿ ಕೂತ ಕಣಗಳನ್ನು ತುಳಿದಾಗ ಅವು ಒಂದರ ಮೇಲೊಂದು ಜರುಗಿ ನಡುವೆ ಜಾಗ ಆಗುತ್ತದೆ, ಮೇಲಿನ ನೀರು ಆ ಜಾಗಕ್ಕೆ ಇಳಿಯುತ್ತದೆ. ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ 1885ರಲ್ಲಿ ಇದನ್ನು ವಿವರಿಸಿದ್ದರು. ಅದರ ಬದಲು ಪಾದದ ಸುತ್ತ ನೀರು ಉಕ್ಕಿ, ಮರಳು ಲಿಬಲಿಬ ಅಲುಗಿದರೆ ಅಲ್ಲಿಗೆ ಗಾಡಿ ಬೇಡ. ಹಳ್ಳದ ಆಚೀಚೆ, ಅಲೆಯ ಅಂಚಿನಲ್ಲಿ ಇಂಥ ಮರಳು ಜಾಸ್ತಿ. ಹಿಂದಿನ ಉಬ್ಬರ ಬಿಟ್ಟುಹೋದ ಕಸದ ಗೆರೆ ಕಾಣುತ್ತದಲ್ಲ, ಅದರ ಕೆಳಗೆ, ನೀರಿನ ಅಂಚಿಗಿಂತ ಮೇಲೆ ಇರುವ ಒದ್ದೆ ಪಟ್ಟಿಯೇ ನಿಮ್ಮ ದಾರಿ. ಗೆರೆಯ ಮೇಲೆ ಹತ್ತಬೇಡಿ. ಒಣ ಮರಳು ಮೆತ್ತಗೆ ಅನ್ನುವುದು ಒಂದು ಕಾರಣ. ಕಡಲಾಮೆ, ಹಕ್ಕಿಗಳು ಮೊಟ್ಟೆ ಇಡುವುದು ಆ ಮೇಲ್ಭಾಗದಲ್ಲೇ ಅನ್ನುವುದು ಇನ್ನೊಂದು, ನನಗೆ ಅದೇ ದೊಡ್ಡ ಕಾರಣ.

ಹಳ್ಳವನ್ನು ಪ್ರತಿ ಸಲವೂ ನಡೆದು ನೋಡಿ. ಹೋಗುವಾಗ ಸರಿ ಇತ್ತು ಅನ್ನುವುದು ಲೆಕ್ಕಕ್ಕಿಲ್ಲ. ಹರಿಯುವ ನೀರು ಒಂದೆರಡು ಗಂಟೆಯಲ್ಲೇ ದಂಡೆಯನ್ನು ಗೋಡೆಯಂತೆ ಕಡಿದುಹಾಕುತ್ತದೆ. ಅಗಲವಾಗಿ, ತೆಳುವಾಗಿ ಹರಿಯುವ ಕಡೆ ದಾಟಿ. ಅಂಥ ಜಾಗ ಸಾಮಾನ್ಯವಾಗಿ ಕೆಳಗೆ ಇರುತ್ತದೆ, ನೀರು ಏರಿದಾಗ ಮೊದಲು ಮುಚ್ಚಿಹೋಗುವುದೂ ಅದೇ. ನಿಮಗೆ ಆದದ್ದು ಇದು.

ಸ್ಪ್ಯಾನರ್

ಟೈರಿನ ಗಾಳಿಯ ಬಗ್ಗೆ ನಾನು ಹೇಳುತ್ತೇನೆ. 28 ತುಂಬಾ ಜಾಸ್ತಿ. ಮರಳಿಗೆ ಇಳಿಯುವ ಮೊದಲೇ 18 ಮಾಡಿಕೊಳ್ಳಿ, ಸಿಕ್ಕಿಕೊಂಡ ಮೇಲೆ ಅಲ್ಲ. ಗಾಳಿ ಇಳಿದರೆ ಟೈರು ಉದ್ದಕ್ಕೆ ಚಾಚಿಕೊಂಡು ಭಾರ ಹಂಚಿಹೋಗುತ್ತದೆ. ಮೆತ್ತಗಿದ್ದರೆ 15. ಹೂತಾಗ ಹೊರಬರಲು ಮಾತ್ರ 12. ಅದಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿಸಬೇಡಿ, ಗಕ್ಕನೆ ತಿರುಗಿಸಬೇಡಿ. ಡಾಂಬರು ರಸ್ತೆಗೆ ಹತ್ತುವ ಮೊದಲು ಮತ್ತೆ ತುಂಬಿಸಿ. ಅಂದರೆ ಕಂಪ್ರೆಸರ್ ನಿಮ್ಮ ಜೊತೆಗೇ ಇರಬೇಕು.

ನಿಲ್ಲಿಸುವಾಗ ಬ್ರೇಕ್ ಒತ್ತಬೇಡಿ, ಚಕ್ರದ ಮುಂದೆ ಮರಳಿನ ದಿಬ್ಬ ಏಳುತ್ತದೆ. ತಾನಾಗಿ ಉರುಳಿ ನಿಲ್ಲಲಿ. ಚಕ್ರ ಒಮ್ಮೆ ಸುಮ್ಮನೆ ತಿರುಗಿತೋ, ಕಾಲು ತೆಗೆಯಿರಿ. ಎಲ್ಲರನ್ನೂ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆದು ನೋಡಿ. ಆಗದಿದ್ದರೆ ಮೊದಲು ಹೊಟ್ಟೆಯ ಕೆಳಗಿನ ಮರಳು ತೆಗೆಯಿರಿ, ಆಮೇಲೆ ಚಕ್ರದ ಮುಂದಿನದು. ಉದ್ದ ಹಿಡಿಯ ಸಲಿಕೆ, ರಿಕವರಿ ಬೋರ್ಡ್ (ಹೂತ ಚಕ್ರಕ್ಕೆ ಹಿಡಿತ ಸಿಗಲು ಅಡಿಗೆ ಇಡುವ ಹಲಗೆ) ಎರಡು, ಜಾಕ್ ಕೆಳಗೆ ಇಡಲು ದಪ್ಪ ಹಲಗೆ ಇರಲೇಬೇಕು.

ಎಳೆಯುವಾಗ ಹಗ್ಗವನ್ನು ಯಾವುದಕ್ಕೆ ಕಟ್ಟಿದಿರಿ? ಟ್ರೈಲರ್ ಸಿಕ್ಕಿಸುವ ಉಕ್ಕಿನ ಉಂಡೆಗೆ (ಟೋ ಬಾಲ್) ಮಾತ್ರ ಯಾವತ್ತೂ ಕಟ್ಟಬೇಡಿ. ಅದು ಕಿತ್ತು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ. ಎಳೆಯಲೆಂದೇ ಚಾಸಿಗೆ ಕೂರಿಸಿದ ಕೊಕ್ಕೆಗೇ ಕಟ್ಟಿ. ಉಳಿದವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಲಿ. ಮಗಳು ಬರುತ್ತಾಳೆ ಅಂದಿರಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಅವತ್ತು ಹಿಂದಿನ ಚಕ್ರ ನೀರಲ್ಲಿ ನಿಂತಿತ್ತಲ್ಲ, ಡಿಫರೆನ್ಷಿಯಲ್ (ಎರಡು ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಆಯಿಲ್ ನೋಡಿಸಿದಿರಾ? ಬಿಸಿ ಹೌಸಿಂಗ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ. ಅದಕ್ಕೆ ಗಾಳಿಯಾಡಲು ಇರುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಹಾಲಿನಂತೆ ಬೆಳ್ಳಗೆ ಕಲಕಿದ್ದರೆ ತಕ್ಷಣ ಬದಲಿಸಿ.

ಮರಳುದಾರಿ

ಇವತ್ತು ಬೆಳಿಗ್ಗೆ ಬಿಚ್ಚಿಸಿದೆ. ಆಯಿಲ್ ಬೆಳ್ಳಗಾಗಿತ್ತು, ಬದಲಿಸಿದ್ದಾಯ್ತು. ಬ್ರೀದರ್ ತುಂಬಾ ಮಣ್ಣು. ನೀವು ಕೇಳದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ, ತುಂಬಾ ಥ್ಯಾಂಕ್ಸ್.

ಹೊಸ ಪ್ಲಾನ್ ನೋಡಿ. ಏರಿಳಿತ ಕಡಿಮೆ ಇರುವ ದಿನ. ಇಳಿತ 10:20ಕ್ಕೆ 0.9 ಮೀಟರ್, ಉಬ್ಬರ 4:30ಕ್ಕೆ 2.1 ಮೀಟರ್. 8:20ಕ್ಕೆ ಮರಳಿಗೆ ಇಳಿಯುವುದು. 9:15ಕ್ಕೆ ಕೊನೆ ಮುಟ್ಟುವುದು. 11:00ಕ್ಕೆ ಅಲ್ಲಿಂದ ಹೊರಟು 11:15ಕ್ಕೆ ಹಳ್ಳ, 11:45ಕ್ಕೆ ಹೊರಗೆ.

ಹಳೇ ಗೇರ್

ಚೆನ್ನಾಗಿದೆ, ಒಂದೇ ಒಂದು ಕಡೆ ಬದಲಿಸಿ. 11:00 ಬೇಡ, 10:20ಕ್ಕೇ ಹೊರಡಿ. ಹೋದ ಸಲ ಅಗೆಯಲು 50 ನಿಮಿಷ ಹಿಡಿಯಿತು. ಅಷ್ಟು ಹೊತ್ತನ್ನು ಈ ಸಲದ ಲೆಕ್ಕಕ್ಕೂ ಸೇರಿಸಿ. 11:15ಕ್ಕೆ ಹಳ್ಳದಲ್ಲಿ ಹೂತರೆ ಎದ್ದು ಬರುವಾಗ 12:05, ನೀರು ಓಟ ಶುರುಮಾಡುವ ಹೊತ್ತು. 10:35ಕ್ಕೆ ಹೂತರೆ 11:25ಕ್ಕೆ ಎದ್ದಿರುತ್ತೀರಿ, ನೀರು ಆಗಲೂ 10 ಸೆಂಟಿಮೀಟರಿನ ಮೇಲೆ ಸ್ವಲ್ಪ ಏರಿರುತ್ತದೆ ಅಷ್ಟೇ. ಕೊನೆ ಮುಟ್ಟಿರಲಿ, ಬಿಡಲಿ, 10:20ಕ್ಕೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿಸಿ. ಊಟ ಹೊರಗೆ ಬಂದ ಮೇಲೆ.

ಗಾಡಿಗೂ ನೀರಿಗೂ ಪೈಪೋಟಿ ಬಿದ್ದರೆ ಏನು ಮಾಡಬೇಕು ಅಂತ ಮನೆಯಲ್ಲೇ ಮಾತಾಡಿಕೊಳ್ಳಿ. ಅಲೆ ಚಕ್ರ ಮುಟ್ಟಿತು ಅಂದರೆ ಮಗಳನ್ನು, ಉಳಿದವರನ್ನು ಕಸದ ಗೆರೆಗಿಂತ ಮೇಲಕ್ಕೆ ಕಳಿಸಿ. ಯಾರೂ ಗಾಡಿಯ ಕೆಳಗೆ ಮಲಗಿ ಅಗೆಯುವುದು ಬೇಡ. ಪ್ರತಿ ಅಲೆಯೂ ಚಕ್ರದಡಿಯ ಮರಳನ್ನು ಎಳೆದೊಯ್ಯುತ್ತದೆ, ಗಾಡಿ ಕುಸಿಯುತ್ತಲೇ ಇರುತ್ತದೆ. ಮತ್ತೆ, ಎಷ್ಟು ಹೊತ್ತಿಗೆ ಹೊರಗೆ ಬರುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೋಗಿ. ತೀರದಲ್ಲಿ ಮೊಬೈಲ್ ಸಿಗ್ನಲ್ ಇದ್ದೇ ಇರುತ್ತದೆ ಅಂತ ನಂಬಬೇಡಿ.

ಸ್ಪ್ಯಾನರ್

ಬಂದ ದಿನವೇ ತೊಳೆಯಿರಿ, ಮಾರನೇ ದಿನಕ್ಕೆ ಬಿಡಬೇಡಿ. ಚಾಸಿಯ ಒಳಗೆ, ಬ್ರೇಕ್ ಡಿಸ್ಕಿನ ಹಿಂದಿನ ತಗಡಿನ ಸಂದಿ, ಚಕ್ರದ ಗೂಡು ಎಲ್ಲಾ ಕಡೆ ಸಿಹಿನೀರು ಬಿಡಿ. ರೇಡಿಯೇಟರಿಗೆ ಪ್ರೆಷರ್ ಪೈಪ್ ಹಿಡಿಯಬೇಡಿ, ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಮರಳುದಾರಿ

10:20 ಅಂತ ತಿದ್ದಿದ್ದೇನೆ. ಫೋನಿನಲ್ಲಿ 10:10ಕ್ಕೆ ಅಲಾರಂ ಇಟ್ಟಾಯ್ತು. ತಿರುಗಿಸುವ ಹೊತ್ತು ನೆನಪಿಸುವ ಕೆಲಸ ಮಗಳದು, ಈಗಲೇ ಒಪ್ಪಿಕೊಂಡಿದ್ದಾಳೆ. ಬಂದ ಮೇಲೆ ಹಳ್ಳದ ಫೋಟೋ ಹಾಕುತ್ತೇನೆ.