ಸಹಾಯ ಬೇಕು: ಮೊಂಡೋ ಗ್ರಾಸ್ ತುದಿ ಒಣಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು. ಗೇಟಿನಿಂದ ಬಾಗಿಲ ತನಕ ಕಾಂಪೌಂಡ್ ಪಕ್ಕದಲ್ಲಿ ಒಂದೂವರೆ ಅಡಿ ಅಗಲದ ಮಣ್ಣಿನ ಪಟ್ಟಿ ಇದೆ. ಮೊದಲು ನೇರಳೆ ಬಣ್ಣದ ಫೌಂಟನ್ ಗ್ರಾಸ್ ಹಾಕಿದ್ದೆ. ನೋಡಲು ಚಂದವೇ, ಆದರೆ ಸೊಂಟದೆತ್ತರ ಬೆಳೆದು ಓಡಾಡುವವರಿಗೆಲ್ಲ ತಾಗುತ್ತಿತ್ತು. ಕಿತ್ತು ಅಕ್ಕನ ಮನೆಗೆ ಕೊಟ್ಟೆ.

ದೀಪಾವಳಿ ಹೊತ್ತಿಗೆ ಕುಳ್ಳ ಮೊಂಡೋ ಗ್ರಾಸ್ 40 ಬುಡ ನೆಟ್ಟೆ. (ಹೆಸರಿಗಷ್ಟೇ ಗ್ರಾಸ್, ನಿಜಕ್ಕೂ ಶತಾವರಿಯ ನೆಂಟ!) ಸಂಪಿಗೆ ಮರದ ನೆರಳಲ್ಲಿರುವವು ಕಡುಹಸಿರಾಗಿ ಚೆನ್ನಾಗಿವೆ. ಗೇಟಿನ ಹತ್ತಿರ ಮಧ್ಯಾಹ್ನ 1ರಿಂದ 5ರ ತನಕ ಸುಡುಬಿಸಿಲು. ಅಲ್ಲಿಯವು ತುದಿಯಿಂದ ಕಂದಾಗಿ, ಮುಟ್ಟಿದರೆ ಪಟಪಟ ಮುರಿಯುತ್ತಿವೆ. ಒಂದು ಬುಡ ಕಿತ್ತು ನೋಡಿದೆ. ಬೇರು ಬೆಳ್ಳಗೆ ಗಟ್ಟಿಯಾಗಿದೆ, ಕೊಳೆತಿಲ್ಲ. ಹಾಕುವುದು ಬೋರ್‌ವೆಲ್ ನೀರು. ಬಕೆಟ್ಟಿಗೆ ಬಿಳಿ ಪದರ ಕಟ್ಟುವಷ್ಟು ಗಡಸು.

ಇದು ಬಿಸಿಲಿನ ಪೆಟ್ಟೋ, ನೀರಿನದೋ? ಒಣಗಿದ ತುದಿ ಕತ್ತರಿಸಲೇ, ಸುಮ್ನೆ ಬಿಡಲೇ?

ಇನ್ನೊಂದು. ಗೇಟಿನ ಬಳಿಗೆ ಬಿಸಿಲು ತಡೆಯುವ, ಒಂದು ಅಡಿ ದಾಟದ ಹುಲ್ಲು ಯಾವುದಿದೆ? ನರ್ಸರಿಯವರು ಬ್ಲೂ ಫೆಸ್ಕ್ಯೂ ಒಯ್ಯಿರಿ ಅಂದರು. ಅದು ಚಳಿ ಸೀಮೆಯದು ಅಲ್ವಾ? ನಮ್ಮ ಕಡೆ ಒಂದು ಬೇಸಿಗೆ ದಾಟಿಸಿದವರಿದ್ದರೆ ದಯವಿಟ್ಟು ಹೇಳಿ.